ಐದು ವರ್ಷ ಕಡಿಮೆ

ನನ್ನ ಅಕ್ಷರ ದುಂಡಗಿದೆ. ಈ ಒಂದು ಗುಣದಿಂದ ನನ್ನ ಎಷ್ಟು ಭಾನುವಾರಗಳು ಹಾಳಾದವೋ ಲೆಕ್ಕ ಇಟ್ಟಿಲ್ಲ. ಮದುವೆ ಕರೆಯೋಲೆಗಳ ಮೇಲೆ ಹೆಸರು ಬರೆಯುವುದರಿಂದ ಶುರುವಾಗಿ, ಶಾಲೆಯ ವಾರ್ಷಿಕೋತ್ಸವದ ಬಟ್ಟೆ ಬ್ಯಾನರಿಗೆ ಬಡ್ತಿ ಪಡೆದು, ಕೊನೆಗೆ ಅಂಕೋಲೆ ಸುತ್ತಮುತ್ತಲಿನ ಸನ್ಮಾನ ಸಮಾರಂಭಗಳ ಕಾಯಂ ಬಿನ್ನವತ್ತಳೆಕಾರನಾದೆ. ಫ್ಲೆಕ್ಸ್ ಬಂದ ಮೇಲೆ ದುಂಡಕ್ಷರದ ಗರಜು ತೀರಿತು, ಇನ್ನು ಬಿಡುಗಡೆ ಎಂದುಕೊಂಡೆ. ಜನ ಬಿಡಲಿಲ್ಲ. “ಅಕ್ಷರ ಪ್ರೆಸ್ಸಿನವ ಮಾಡ್ತಾನೆ, ಮ್ಯಾಟರ್ ನೀವು ಕೊಡಿ ಮಾಸ್ತರೆ” ಎಂದರು.

ಬಿನ್ನವತ್ತಳೆಯ ಮ್ಯಾಟರು ಎಂದರೆ ಐದು ಪ್ಯಾರಾ. ಪ್ರತಿ ಪ್ಯಾರಾದ ನೆತ್ತಿಯ ಮೇಲೊಂದು ಸಂಬೋಧನೆ. ನನ್ನ ಬಳಿ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಅಕಾರಾದಿಯಾಗಿ ಜೋಡಿಸಿದ ಸಂಬೋಧನೆಗಳಿವೆ. ‘ಅ’ದಲ್ಲಿ ಅಜಾತಶತ್ರುಗಳೇ, ‘ಆ’ದಲ್ಲಿ ಆಪದ್ಬಾಂಧವರೇ, ‘ನ’ದಲ್ಲಿ ನಿಗರ್ವಿಗಳೇ. ಹಾಲಿನ ಸೊಸೈಟಿಯ ಅಧ್ಯಕ್ಷರಿಗೆ ಬರೆದದ್ದನ್ನು ನಾಲ್ಕು ಪದ ಬದಲಿಸಿ ಯಕ್ಷಗಾನದ ಭಾಗವತರಿಗೆ ಕೊಟ್ಟದ್ದುಂಟು. ಒಮ್ಮೆ ಬದಲಿಸುವುದು ಮರೆತು, ಹೆರಿಗೆ ಡಾಕ್ಟರೊಬ್ಬರ ಬಿನ್ನವತ್ತಳೆಯಲ್ಲಿ ನಿವೃತ್ತ ಪೋಸ್ಟ್‌ಮಾಸ್ತರರ ಸಾಲೊಂದು ಉಳಿದುಬಿಟ್ಟಿತು: ‘ತಮ್ಮ ಕೈಯಿಂದ ಹಾದುಹೋದ ಒಂದೇ ಒಂದು ಲಕೋಟೆಯೂ ವಿಳಾಸ ತಪ್ಪಲಿಲ್ಲ.’ ಸಭೆಯಲ್ಲಿ ಅದನ್ನು ಓದಿದಾಗ ನನ್ನ ಜೀವ ಹಾರಿಹೋಯಿತು. ಡಾಕ್ಟರು ಅದನ್ನು ರೂಪಕವೆಂದು ತಿಳಿದು ಬಹಳ ಮೆಚ್ಚಿಕೊಂಡರು.

ಇಂಥ ನನಗೆ ಗೌಡರ ಸನ್ಮಾನದ ಮ್ಯಾಟರು ಬರೆಯುವ ಕೆಲಸ ಬಂದದ್ದು 2022ರ ನವೆಂಬರಿನಲ್ಲಿ. ಗೌಡರ ಹೆಸರು ಇಲ್ಲಿ ಬೇಡ. ಹೆಸರು ಹಾಕಿದರೆ ಅವರಿಗೆ ಇನ್ನೊಂದು ಸನ್ಮಾನ ಆಗಿಬಿಡುವ ಅಪಾಯವಿದೆ.

ನಮ್ಮ ಕಡೆಯ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಿಗೆ ಅವರದೇ ಆಡಳಿತ ಇರುವುದು ಬಲ್ಲವರಿಗೆ ಗೊತ್ತು. ಕೊಪ್ಪಕ್ಕೊಬ್ಬ ಊರಗೌಡ, ಅವನಿಗೆ ಸಲಹೆ ಹೇಳಲು ಬುದವಂತ, ಸುದ್ದಿ ಮುಟ್ಟಿಸಲು ಕೋಲಕಾರ. ಚುನಾವಣೆಯಿಲ್ಲ, ಸಂಬಳವಿಲ್ಲ, ನಿವೃತ್ತಿಯಂತೂ ಇಲ್ಲವೇ ಇಲ್ಲ. ನಮ್ಮ ಗೌಡರು ಐವತ್ತು ವರ್ಷಕ್ಕೂ ಮೇಲ್ಪಟ್ಟು ಈ ಕೆಲಸದಲ್ಲಿದ್ದವರು. ಗದ್ದೆಯ ಹಾಳಿಯ ತಕರಾರು, ಗಂಡ ಹೆಂಡತಿ ಜಗಳ, ಕುಡಿದು ಬಿದ್ದವನ ಮನೆಗೆ ಅಕ್ಕಿ, ಸುಗ್ಗಿಯ ಮೇಳ ಯಾವ ದಿನ ಯಾವ ಊರಿಗೆ ಹೋಗಬೇಕೆಂಬ ತೀರ್ಮಾನ, ಎಲ್ಲ ಅವರ ಜಗಲಿಯ ಮೇಲೆಯೇ.

ಮ್ಯಾಟರಿಗೆ ‘ಸಾಧನೆಗಳು’ ಬೇಕಲ್ಲ. ಪೆನ್ನು ಹಿಡಿದು ಆ ಜಗಲಿಗೆ ಹೋದೆ.

“ಗೌಡ್ರೆ, ನಿಮ್ಮ ಸಾಧನೆ ಹೇಳಿ.”

“ಅದೆಂತದು?”

“ನೀವು ಮಾಡಿದ ದೊಡ್ಡ ಕೆಲಸ.”

ಬಹಳ ಹೊತ್ತು ಯೋಚಿಸಿದರು. ಎಲೆಗೆ ಸುಣ್ಣ ಸವರಿದರು. “ಆ ಹಳ್ಳದ ಕಟ್ಟು ಒಂದು ಮಳೆಗಾಲ ಒಡೀಲಿಲ್ಲ” ಎಂದರು. ಆಮೇಲೆ, “ಮರು ವರ್ಷ ಒಡೀತು” ಎಂದು ತಿದ್ದಿದರು. ರಾಜಿ ಪಂಚಾಯ್ತಿ ಕೇಳಿದೆ. ಅಣ್ಣತಮ್ಮಂದಿರ ಒಂದು ದೊಡ್ಡ ವ್ಯಾಜ್ಯ ಬಗೆಹರಿಸಿದ್ದನ್ನು ಹೇಳಿದರು. ಈಗ ಅಣ್ಣತಮ್ಮಂದಿರು ಚೆನ್ನಾಗಿದ್ದಾರಂತೆ, ಇಬ್ಬರೂ ಸೇರಿ ಗೌಡರ ಹತ್ತಿರ ಮಾತು ಬಿಟ್ಟಿದ್ದಾರಂತೆ. ಇದನ್ನು ಬಿನ್ನವತ್ತಳೆಯ ಯಾವ ಪ್ಯಾರಾದಲ್ಲಿ ಸೇರಿಸುವುದು?

ಹುಟ್ಟಿದ ದಿನ ಕೇಳಿದೆ. ಆಧಾರ್ ಕಾರ್ಡ್ ತಂದು ತೋರಿಸಿದರು. ಜನವರಿ ಒಂದು. ಬೇಲಿಯಾಚೆಯ ಮುದುಕಿಯದೂ ಜನವರಿ ಒಂದು, ಬುದವಂತನದೂ ಜನವರಿ ಒಂದು. ಕೊಪ್ಪದ ಹಿರಿಯರೆಲ್ಲ ಒಂದೇ ದಿನ ಸರತಿಯಲ್ಲಿ ನಿಂತು ಹುಟ್ಟಿದಂತೆ ಕಾಣುತ್ತದೆ. ಕಾರ್ಡಿನ ಲೆಕ್ಕಕ್ಕೆ ಎಪ್ಪತ್ತೆಂಟು, ಗೌಡರ ಲೆಕ್ಕಕ್ಕೆ “ದೊಡ್ಡ ಮಾರಿ ಬಂದ ವರ್ಷ ನಾ ಅಂಬೆಗಾಲು”. ಅದು ಯಾವ ವರ್ಷದ ಮಾರಿಯೋ.

ಬರಿಗೈಯಲ್ಲಿ ಮನೆಗೆ ಬಂದು ನೋಟ್‌ಬುಕ್ಕು ತೆರೆದೆ. ‘ಅ’ದಲ್ಲಿ ಹೊಸದೊಂದು ಸೇರಿಸಿದೆ: ಅರಣ್ಯದ ಆತ್ಮಬಂಧುವೇ. ಅದರ ಕೆಳಗೆ ಪ್ರಾಸ ಕೂಡಿಸಿ, ‘ಏಳು ದಶಕಗಳಿಂದ ಎಡೆಬಿಡದೆ ಈ ಕಾಡಿನಂಚಿನಲ್ಲಿ ಬಾಳಿ ಬೆಳಗಿದ ಬುಡಕಟ್ಟಿನ ಬೆಳಕೇ’ ಎಂದು ಬರೆದೆ. ಏಳು, ಎಡೆ. ಬಾಳಿ, ಬೆಳಗಿ, ಬುಡಕಟ್ಟು, ಬೆಳಕು. ನನ್ನ ಇಡೀ ಬಿನ್ನವತ್ತಳೆ ಜೀವನದ ಅತ್ಯುತ್ತಮ ಸಾಲು ಅದೇ ಎಂದು ಈಗಲೂ ನನಗೊಂದು ಹೆಮ್ಮೆಯಿದೆ. ಅದಕ್ಕೇ ನೋವೂ ಹೆಚ್ಚು.

ಸಮಾರಂಭ ಸಂಜೆ ನಾಲ್ಕಕ್ಕೆ ಎಂದಿತ್ತು. ಮುಖ್ಯ ಅತಿಥಿಗಳು ಬಂದದ್ದು ಆರೂಕಾಲಿಗೆ. ಗೌಡರು ಮೂರಕ್ಕೇ ಬಂದು, ಶಾಮಿಯಾನಾ ಕಟ್ಟುವವರಿಗೆ ಒಂದೆರಡು ಗಂಟು ಸರಿಮಾಡಿ ಕೊಟ್ಟು, ಮೊದಲ ಸಾಲಿನ ತುದಿಯಲ್ಲಿ ಕೂತಿದ್ದರು. ನವೆಂಬರ್ ಎಂದರೆ ಸನ್ಮಾನದ ಸುಗ್ಗಿ. ಬೆಂಗಳೂರಿನಲ್ಲಿ ಎಷ್ಟನೆಯ ರಾಜ್ಯೋತ್ಸವವೋ ಅಷ್ಟು ಮಂದಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಡುವ ಪದ್ಧತಿ ಬೆಳೆದಿದೆ. ಆ ವರ್ಷ 67. ರಾಜ್ಯಕ್ಕೆ ಸಾವಿರ ವರ್ಷ ತುಂಬಿದಾಗ ವೇದಿಕೆಯ ಗತಿಯೇನು ಎಂದು ನಾನು ಆಗಾಗ ಚಿಂತಿಸುತ್ತೇನೆ. ತಾಲೂಕಿಗೆ, ಹೋಬಳಿಗೆ, ಸಂಘಕ್ಕೆ ಇಳಿದುಬಂದರೆ ಲೆಕ್ಕಕ್ಕೇ ಸಿಗುವುದಿಲ್ಲ.

ಮೊದಲು ಶಾಲು. ಹೊದಿಸಿಯಾಯಿತು. ಫೋಟೊದವನು “ಸಾರ್, ಇನ್ನೊಂದ್ಸಲ” ಎಂದ. ತೆಗೆದು ಮತ್ತೆ ಹೊದಿಸಿದರು. ಅಷ್ಟರಲ್ಲಿ ಇನ್ನೊಬ್ಬ ಗಣ್ಯರು ಬಂದು ಶಾಲಿನ ತುದಿ ಹಿಡಿಯಲು ಜಾಗ ಕೇಳಿದ್ದರಿಂದ ಮೂರನೆಯ ಸಲ. ಗೌಡರು ಮೈ ಒರೆಸಿಸಿಕೊಳ್ಳುವ ಕರುವಿನ ಹಾಗೆ ಸುಮ್ಮನೆ ನಿಂತಿದ್ದರು. ಆಮೇಲೆ ಮೈಸೂರು ಪೇಟ. ರೆಡಿಮೇಡ್ ಪೇಟ ಒಂದೇ ಅಳತೆಯಲ್ಲಿ ಬರುತ್ತದೆ, ಯಾವ ತಲೆಗೆ ಹೊಲಿದರೋ ಆ ತಲೆ ಮಾತ್ರ ಇನ್ನೂ ಯಾವ ವೇದಿಕೆಗೂ ಬಂದಿಲ್ಲ. ಸುಗ್ಗಿಯಲ್ಲಿ ಬೆಂಡಿನ ಹೂ ಹೊತ್ತ ತುರಾಯಿಯನ್ನು ಕಟ್ಟಿಕೊಂಡು ಊರೂರು ಕುಣಿದ ತಲೆ ಅದು, ಒಂದು ಹೂವೂ ಅಲುಗದಂತೆ ಕುಣಿಯುತ್ತಿದ್ದರು ಎನ್ನುತ್ತಾರೆ. ಈ ಪೇಟ ಮಾತ್ರ ಕೂತ ಕ್ಷಣವೇ ಜಾರಿ ಕಣ್ಣು ಮುಚ್ಚಿತು. ನನ್ನ ಬಿನ್ನವತ್ತಳೆ ಓದುವಾಗ ಗೌಡರು ಏನನ್ನೂ ನೋಡುತ್ತಿರಲಿಲ್ಲ. ಪೇಟದೊಳಗೆ ನಿದ್ದೆ ಮಾಡಿರಬಹುದೆಂಬ ಗುಮಾನಿ ನನಗಿದೆ.

“ದಂಪತಿ ಸಹಿತ ಆಗಲಿ” ಎಂದು ಯಾರೋ ಕೂಗಿದರು. ಗೌಡತಿಯನ್ನು ಕರೆತಂದರು. ಗಂಧದ ಹಾರ ಹಿಡಿದವರು ಅವರ ಎದುರು ನಿಂತು ಗಲಿಬಿಲಿಗೊಂಡರು. ಕುತ್ತಿಗೆಯಿಂದ ಎದೆಯ ತುಂಬ ಸರದ ಮೇಲೆ ಸರ, ಕರಿಮಣಿ, ಹಾರ ಹಾಕಲು ತೆರಪೇ ಇಲ್ಲ. ಹೇಗೋ ಹಾಕಿದರು. ಗಂಧದ ಹಾರ ಆ ಮಣಿಗಳ ನಡುವೆ ಹೊಕ್ಕು ಕಾಣದೇ ಹೋಯಿತು. ಇಬ್ಬರ ಕೈಗೂ ಒಂದು ಗಾಜಿನ ಪೆಟ್ಟಿಗೆ ಬಂತು, ಒಳಗೆ ಚಿನ್ನದ ಬಣ್ಣದ ಯಕ್ಷಗಾನದ ಕಿರೀಟ. ಗೌಡರು ಯಕ್ಷಗಾನ ಆಡಿದವರಲ್ಲ. ಹಿಂದಿನ ವರ್ಷದ ಭಾಗವತರಿಗೆ ಯಾವುದನ್ನು ಕೊಟ್ಟಿದ್ದರೋ, ಅದೇ ಅಂಗಡಿಯ ಇನ್ನೊಂದು.

ಕೊನೆಗೆ, “ಸನ್ಮಾನಿತರಿಂದ ಎರಡು ಮಾತು.”

ಗೌಡರು ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡರು. ಮೈಕಿನಿಂದ ಒಂದು ಮಾರು ದೂರ ನಿಂತು, “ಎಲ್ಲರ್ಗೂ ನಮಸ್ಕಾರ. ಹೊತ್ತಾಯ್ತು. ದನ ಕಟ್ಟುಕಿದೆ” ಎಂದು ಇಳಿದುಹೋದರು. ಮುಖ್ಯ ಅತಿಥಿಗಳು ತಮ್ಮ ಭಾಷಣದಲ್ಲಿ ಅದನ್ನು ಹಿಡಿದುಕೊಂಡು, ದನವೆಂದರೆ ನಮ್ಮೊಳಗಿನ ಅಹಂಕಾರ, ಕಟ್ಟುವುದೆಂದರೆ ನಿಗ್ರಹ ಎಂದು ಇಪ್ಪತ್ತು ನಿಮಿಷ ಬಿಡಿಸಿ ಹೇಳಿದರು.

ಅದಕ್ಕೆ ಹಿಂದಿನ ನವೆಂಬರಿನಲ್ಲಿ, 2021ರ 8ನೇ ತಾರೀಕು, ನಮ್ಮದೇ ತಾಲೂಕಿನ ಹೊನ್ನಳ್ಳಿಯ, ಹಾಲಕ್ಕಿಯವರೇ ಆದ ತುಳಸಿ ಗೌಡರು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಂಡಿದ್ದರು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಾಗಿ ದಶಕಗಟ್ಟಲೆ ದುಡಿದು, ಯಾವ ತಾಯಿಮರದ ಬೀಜ ಯಾವಾಗ ಆರಿಸಬೇಕೆಂದು ಓದಿದವರಿಗೆ ಹೇಳಿಕೊಟ್ಟ ಹೆಂಗಸು. ನಮ್ಮ ಗೌಡತಿಯದರಂಥದೇ ಸೀರೆ, ಅಂಥದೇ ಮಣಿಸರ, ಬರಿಗಾಲು. ಟಿವಿಯ ಮುಂದೆ ಕೂತ ನನಗೆ ಇದ್ದ ಚಿಂತೆ ಒಂದೇ: ಪದಕ ಚುಚ್ಚಲು ರಾಷ್ಟ್ರಪತಿಗಳಿಗೆ ಜಾಗ ಸಿಕ್ಕೀತೇ? ಅದಕ್ಕೂ ಮುಂಚೆ, 2017ರಲ್ಲಿ, ಬಡಿಗೇರಿಯ ಸುಕ್ರಿ ಬೊಮ್ಮಗೌಡರಿಗೆ ಪದ್ಮಶ್ರೀ ಬಂದಿತ್ತು. ಹಾಡು ಸಾವಿರಾರು ಬಲ್ಲವರು, ನಾಡೋಜ. ಆದರೆ ಕೊಪ್ಪದ ಹೆಂಗಸರಿಗೆ ಅವರು ಹಾಡಿಗಿಂತ ಸಾರಾಯಿ ವಿರುದ್ಧ ಎದ್ದು ನಿಂತ ಸುಕ್ರಜ್ಜಿ. ಮನೆಮನೆಯ ಗಂಡಸರನ್ನು ತಿನ್ನುತ್ತಿದ್ದ ಕುಡಿತದ ಎದುರು ಹೆಂಗಸರನ್ನು ಕಟ್ಟಿಕೊಂಡು ಹೋದವರು.

ಇಬ್ಬರೂ ಎರಡೇ ತಿಂಗಳ ಅಂತರದಲ್ಲಿ ಹೋದರು. 2024ರ ಡಿಸೆಂಬರ್ 16ಕ್ಕೆ ತುಳಸಿ ಗೌಡರು, 2025ರ ಫೆಬ್ರವರಿ 13ಕ್ಕೆ ಸುಕ್ರಜ್ಜಿ. ಮರುದಿನದ ಪತ್ರಿಕೆಗಳನ್ನು ಒಟ್ಟಿಗೆ ಹರಡಿ ನೋಡಿದರೆ ಇಬ್ಬರ ವಯಸ್ಸೂ ಪತ್ರಿಕೆಗೊಂದು. ದೇಶವೇ ಗುರುತಿಸಿದವರು ಯಾವ ವರ್ಷ ಹುಟ್ಟಿದರೆಂದು ಮಾತ್ರ ಖಾತ್ರಿಯಾಗಿ ಯಾರಿಗೂ ತಿಳಿಯದು. ಅವರ ವಿಷಯದಲ್ಲಿ ಅದರಿಂದ ಯಾರಿಗೂ ನಷ್ಟವಾಗಲಿಲ್ಲ. ನಮ್ಮ ಗೌಡರ ವಿಷಯ ಬೇರೆ.

ಸುಕ್ರಜ್ಜಿ ಹೋದ ಮೇಲೆ ಒಂದು ತಿಂಗಳಿಗೋ ಏನೋ, ಗೌಡರು ಬೆಳಿಗ್ಗೆಯೇ ನಮ್ಮ ಮನೆಗೆ ಬಂದರು. ಕೈಯಲ್ಲಿ ದಪ್ಪ ಪ್ಲಾಸ್ಟಿಕ್ ಚೀಲ. ಅದರಿಂದ ರೇಷನ್ ಕಾರ್ಡು, ತೆರಿಗೆ ಕಟ್ಟಿದ ಒಂದು ಹಳೆಯ ರಸೀದಿ, ಜಿಪಿಎಸ್ ಅಳತೆಯ ನಕಾಶೆ ಒಂದೊಂದಾಗಿ ಹೊರಬಂದವು. ಕೊನೆಗೆ, ನಾಲ್ಕು ಮಡಿಕೆಯಾಗಿ, ಚೌಕಟ್ಟು ಬಿಚ್ಚಿ ತೆಗೆದ ನನ್ನ ಬಿನ್ನವತ್ತಳೆ.

“ಮಾಸ್ತರೆ, ಇದ್ರಲ್ಲಿ ಎಷ್ಟು ವರ್ಷ ಅಂತ ಬರ್ದೀರಿ?”

ನನಗೆ ಸಂತೋಷವಾಯಿತು. ಒಬ್ಬ ಓದುಗ ಸಿಕ್ಕಿದ ಸಂತೋಷ. ರಾಗವಾಗಿ ಓದಿದೆ: “ಏಳು ದಶಕಗಳಿಂದ ಎಡೆಬಿಡದೆ...”

“ಏಳು ದಶಕ ಅಂದ್ರೆ ಎಷ್ಟು?”

“ಎಪ್ಪತ್ತು.”

ಗೌಡರು ಕಾಗದ ಮಡಚಿದರು. “ಐದು ಕಡಿಮೆ ಆಯ್ತಲ್ಲ ಮಾಸ್ತರೆ. ಅವ್ರು ಎಪ್ಪತ್ತೈದು ಕೇಳ್ತರು.”

ಆಮೇಲೆ ನಿಧಾನಕ್ಕೆ ಕತೆ ಬಿಚ್ಚಿತು. ಹಳ್ಳದ ಪಕ್ಕದ ಅವರ ಹದಿನೆಂಟು ಗುಂಟೆ ದಾಖಲೆಯಲ್ಲಿ ಅರಣ್ಯ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಹಕ್ಕು ಕೊಡಿ ಎಂದು ಅರ್ಜಿ ಹಾಕಿದ್ದರು, ಅದು ತಿರುಗಿ ಬಂತು. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿ ನೆಲೆಸಿದ್ದರೆ ಸಾಕು. ಘಟ್ಟದ ಮೇಲಿನ ಸಿದ್ದಿಗಳು 2003ರಲ್ಲಿ ಆ ಪಟ್ಟಿಗೆ ಸೇರಿದರು. ಹಾಲಕ್ಕಿಗಳು ಇನ್ನೂ ಸೇರಿಲ್ಲ. ಸೇರಿಸಿ ಎಂಬ ಬೇಡಿಕೆ ಎಷ್ಟು ಹಳೆಯದೆಂದರೆ ಅದಕ್ಕೇ ಒಂದು ಸನ್ಮಾನ ಮಾಡಬಹುದು. ಪಟ್ಟಿಯಲ್ಲಿ ಇಲ್ಲದವರು ‘ಇತರೆ ಪಾರಂಪರಿಕ ಅರಣ್ಯವಾಸಿ’ಗಳು. ಅವರು ಆ ತಾರೀಕಿಗಿಂತ ಹಿಂದೆ ಮೂರು ತಲೆಮಾರು ಅಲ್ಲಿ ಇದ್ದದ್ದಕ್ಕೆ ಸಾಕ್ಷಿ ಕೊಡಬೇಕು. ತಲೆಮಾರು ಎಂದರೆ 25 ವರ್ಷ ಎಂದು ಕಾಯ್ದೆಯೇ ಅರ್ಥ ಹೇಳಿಬಿಟ್ಟಿದೆ. ಈ ಒಂದು ಲೆಕ್ಕದಲ್ಲಿ ಸಿಕ್ಕಿಬಿದ್ದ ಅರ್ಜಿಗಳು ನಮ್ಮ ಜಿಲ್ಲೆಯಲ್ಲಿ ಸಾವಿರಗಟ್ಟಲೆ.

ಗೌಡರಿಗೆ ಯಾರೋ ಹೇಳಿದ್ದರಂತೆ, “ನಿಮ್ಗೆ ಸನ್ಮಾನದ ಪತ್ರ ಇದ್ಯಲ್ಲ, ದೊಡ್ಡವರ ಸಹಿ ಇದೆ, ‘ಬುಡಕಟ್ಟು’ ಅಂತ್ಲೂ ಇದೆ, ವರ್ಷವೂ ಇದೆ, ಅದನ್ನೇ ಕೊಡಿ” ಎಂದು. ಕಚೇರಿಯೊಂದರ ಮೇಜಿನ ಮೇಲೆ ನನ್ನ ಪ್ರಾಸಗಳನ್ನು ಹರಡಿದ್ದಾರೆ. ಅಲ್ಲಿದ್ದವರು ಓದಿ, ಇನ್ನೊಬ್ಬರನ್ನು ಕರೆದು ಓದಿಸಿ, “ಬಹಳ ಚೆಂದ ಬರೆದಿದ್ದಾರೆ, ಆದ್ರೆ ಇದು ನಡೆಯೂದಿಲ್ಲ” ಎಂದು ಮರಳಿಸಿದ್ದಾರೆ. ನನ್ನ ಪತ್ರದಲ್ಲಿ ಗೌಡರು ‘ಅರಣ್ಯದ ಆತ್ಮಬಂಧು’. ಅಲ್ಲಿನ ಕಡತದಲ್ಲಿ ‘ಅರಣ್ಯ ಅತಿಕ್ರಮಣದಾರ’. ಎರಡೂ ‘ಅ’ದಲ್ಲೇ ಬರುತ್ತವೆ. ನನ್ನ ನೋಟ್‌ಬುಕ್ಕಿನಲ್ಲಿ ಎರಡನೆಯದಿಲ್ಲ.

ನಾನು ತಪ್ಪಿಸಿಕೊಳ್ಳಲು ನೋಡಿದೆ. “ಗೌಡ್ರೆ, ಎಪ್ಪತ್ತೈದು ಅಂತ ಬರೆದಿದ್ರೂ ಆಗ್ತಿರ್ಲಿಲ್ಲ. ಅವರ ಲೆಕ್ಕ ಇವತ್ತಿಂದ ಹಿಂದಕ್ಕಲ್ಲ, 2005ರಿಂದ ಹಿಂದಕ್ಕೆ. ಅಂದ್ರೆ 1930.”

“ಹಂಗಾರೆ ನಾ ಹುಟ್ಟೇ ಇರ್ಲಿಲ್ಲ.”

“ಇರ್ಲಿಲ್ಲ.”

“ಅಜ್ಜನ ಕೈಲೇ ಹೇಳ್ಸಬೇಕು ಹಂಗಾರೆ” ಎಂದು ನಕ್ಕರು.

ನಗು ಬರುವ ಮಾತಲ್ಲ, ಆದರೂ ನಕ್ಕೆವು. ಕಾಯ್ದೆಯ ನಿಯಮಗಳಲ್ಲಿ ಒಂದು ದಾರಿಯಿದೆ: ಊರ ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿ ಸಾಕ್ಷಿಯಾಗಿ ಕೊಡಬಹುದು. ಆ ಕೊಪ್ಪದಲ್ಲಿ ಅರ್ಜಿ ಹಾಕಿದವರೆಲ್ಲ ಹೇಳಿಕೆ ಪಡೆದದ್ದು ಯಾರಿಂದ? ಗೌಡರಿಂದಲೇ. ಯಾರ ಅಜ್ಜ ಯಾವ ಬೇಣದಲ್ಲಿ ಮೊದಲು ಗುಡಿಸಲು ಕಟ್ಟಿದ, ಯಾವ ಬಾವಿ ಯಾರು ತೋಡಿದರು, ಎಲ್ಲ ಅವರ ಬಾಯಲ್ಲಿ. ಇಪ್ಪತ್ತೋ ಮೂವತ್ತೋ ಮನೆಯವರಿಗೆ ಹೆಬ್ಬೆಟ್ಟು ಒತ್ತಿ ಕೊಟ್ಟಿದ್ದಾರೆ. ಆದರೆ ನಿಯಮದಲ್ಲಿ ಹಿರಿಯರೆಂದರೆ ಅರ್ಜಿದಾರರನ್ನು ಬಿಟ್ಟು ಬೇರೆ ಹಿರಿಯರು. ಗೌಡರ ಅರ್ಜಿಗೆ ಗೌಡರೇ ಸಾಕ್ಷಿ ಹೇಳುವಂತಿಲ್ಲ. ಅವರಿಗಿಂತ ಹಿರಿಯರು ಕೊಪ್ಪದಲ್ಲಿ ಯಾರೂ ಉಳಿದಿಲ್ಲ.

ಗೆಝೆಟಿಯರೂ ಸಾಕ್ಷಿಯಾಗುತ್ತದೆ ಎಂದು ಅದೇ ನಿಯಮದಲ್ಲಿದೆ. 1883ರ ಬಾಂಬೆ ಗೆಝೆಟಿಯರಿನ ಕೆನರಾ ಸಂಪುಟದಲ್ಲಿ ಹಾಲಕ್ಕಿಗಳ ವಿಷಯ ಬಂದಿದೆ. ಶಾಲು ಹೊದಿಸದ, ಹಣ್ಣಿನ ಬುಟ್ಟಿ ಕೊಡದ, ಒಂದೂ ಪ್ರಾಸ ಕೂಡಿಸದ ಇಂಗ್ಲಿಷರ ಆ ಒಣ ಸಾಲುಗಳು ನನ್ನ ಐದು ಪ್ಯಾರಾಗಳಿಗಿಂತ ಗಟ್ಟಿ ಕಾಗದ. ಇದನ್ನು ಒಪ್ಪಿಕೊಳ್ಳಲು ನನಗೆ ಎರಡು ದಿನ ಹಿಡಿಯಿತು. ಅದರಲ್ಲೂ ಈ ಗೌಡರ ಈ ಹದಿನೆಂಟು ಗುಂಟೆಯ ಸುದ್ದಿಯಿಲ್ಲ, ಅದು ಬೇರೆ ಮಾತು.

“ನೀವು ಬರ್ಕೊಡಿ” ಎಂದರು ಗೌಡರು. “ನೀವೂ ಹಿರೇರೇ ಅಲ್ದಾ?”

ನನಗೆ ಎಪ್ಪತ್ತೆರಡು ನಡೆಯುತ್ತಿದೆ. ಯಾರಾದರೂ ಹಿರಿಯರು ಎಂದರೆ ಹಿಂದೆ ತಿರುಗಿ ನೋಡುವ ಅಭ್ಯಾಸ ಇನ್ನೂ ಹೋಗಿಲ್ಲ. 1930ಕ್ಕೆ ಸಾಕ್ಷಿಯಾಗಲು ನನ್ನಿಂದ ಆಗದು. ನಾನು ಆ ಊರಿನ ಶಾಲೆಗೆ ಬಂದದ್ದೇ 1977ರ ಜೂನಿನಲ್ಲಿ. ಆದರೂ ಕಣ್ಣಾರೆ ಕಂಡದ್ದನ್ನು ಬರೆಯುತ್ತೇನೆಂದು ಕೂತೆ.

ವಿಶೇಷಣವಿಲ್ಲದೆ ಬರೆಯುವುದು ಎಂಥ ಕಷ್ಟವೆಂದು ಆ ವಾರ ತಿಳಿಯಿತು. ನೋಟ್‌ಬುಕ್ಕು ಏನೂ ಉಪಯೋಗಕ್ಕೆ ಬರಲಿಲ್ಲ. ನಾಲ್ಕು ದಿನದಲ್ಲಿ ಅರ್ಧ ಪುಟ. ಬಂದ ದಿನದಿಂದ ಶುರುಮಾಡಿದೆ. ಜೋರು ಮಳೆ, ಹಳ್ಳ ತುಂಬಿ ಹರಿಯುತ್ತಿತ್ತು, ಸಂಕ ಕೊಚ್ಚಿಹೋಗಿತ್ತು. ಪೇಟೆಯಿಂದ ಬಂದ ಇಪ್ಪತ್ತಮೂರರ ಹುಡುಗ ಮಾಸ್ತರ ಟ್ರಂಕು ಹಿಡಿದು ಈಚೆ ದಂಡೆಯಲ್ಲಿ ಅಳುವ ಮುಖದಲ್ಲಿ ನಿಂತಿದ್ದ. ಆಚೆಯ ಗದ್ದೆಯಲ್ಲಿ ಸಸಿ ಕೀಳುತ್ತಿದ್ದ ಆಳೊಬ್ಬರು ನೀರಿಗಿಳಿದು ಬಂದು, ನನ್ನನ್ನು ಮೂಟೆಯ ಹಾಗೆ ಹೆಗಲಿಗೆ ಹಾಕಿಕೊಂಡು ದಾಟಿಸಿದರು. ಅವರೇ ಗೌಡರು, ಆ ಗದ್ದೆಯೇ ಈ ಹದಿನೆಂಟು ಗುಂಟೆ. ಅಲ್ಲಿ ಆಗಲೇ ಮನೆಯಿತ್ತು, ಬಾವಿಯಿತ್ತು, ಅವರ ಅಪ್ಪ ನೆಟ್ಟ ಕರಿ ಇಷಾಡಿನ ಮಾವಿನ ಮರ ಆಗಲೇ ತಬ್ಬಿದರೆ ಕೈಗೆ ಸಿಗದಷ್ಟು ದಪ್ಪ ಇತ್ತು. (ಅಂಕೋಲೆಯ ಕರಿ ಇಷಾಡಕ್ಕೆ 2023ರಲ್ಲಿ ಜಿಐ ಟ್ಯಾಗ್ ಬಂದಿದೆ. ಮಾವಿನ ಹಣ್ಣಿಗೆ ತಾನು ಯಾವ ಊರಿನದೆಂಬ ಕಾಗದ ಇದೆ.)

ಈ ಹಳ್ಳ ದಾಟಿದ ಸಂಗತಿಯನ್ನು ನಾನು ಬಿನ್ನವತ್ತಳೆಯಲ್ಲಿ ಬರೆದಿರಲಿಲ್ಲ. ನೆನಪಿರಲಿಲ್ಲವೆಂದಲ್ಲ. ಮುಖ್ಯ ಅತಿಥಿಗಳ ಎದುರು, ನನ್ನ ಹಳೆಯ ವಿದ್ಯಾರ್ಥಿಗಳ ಎದುರು, ಮಾಸ್ತರನನ್ನು ಮೂಟೆ ಹೊತ್ತ ಹಾಗೆ ಹೊತ್ತರು ಎಂದು ಮೈಕಿನಲ್ಲಿ ಓದಿಸಲು ನಾಚಿಕೆಯಾಗಿತ್ತು.

ಹೇಳಿಕೆಯನ್ನು ಅವರ ಜಗಲಿಯ ಮೇಲೆ ಓದಿ ಹೇಳಿದೆ. ಶಾಲು ಎಲ್ಲಿದೆಯೆಂದು ಕಣ್ಣು ಹುಡುಕಿತು. ಮೊನ್ನೆ ಹುಟ್ಟಿದ ಕರುವಿನ ಮೇಲಿತ್ತು. ಗಾಜಿನ ಪೆಟ್ಟಿಗೆಯ ಮೇಲೆ ಗೌಡತಿ ಸೌತೆಬೀಜ ಒಣಗಲು ಹರಡಿದ್ದರು. ಅಂದು ಪೇಟದೊಳಗೆ ಮಲಗಿದ್ದ ಗೌಡರು ಈ ಅರ್ಧ ಪುಟವನ್ನು ಎಲೆ ಅಗಿಯುವುದನ್ನೂ ನಿಲ್ಲಿಸಿ ಕೇಳಿದರು.

“ಒಂದ್ ತಪ್ಪಿದೆ.”

“ಏನು?”

“ಹಳ್ಳ ಒಂದ್ಸಲ ದಾಟಿದ್ದಲ್ಲ, ಎರಡ್ಸಲ. ಮೊದ್ಲು ನೀವು, ಆಮೇಲೆ ಟ್ರಂಕು. ಟ್ರಂಕೇ ಭಾರ ಇತ್ತು.”

ತಿದ್ದಿದೆ. ಸಹಿ ಹಾಕಿದೆ. ಮೇಲ್ಮನವಿಯ ಜೊತೆ ಅದೂ ಹೋಯಿತು. ಕಡತ ಈಗ ಯಾವ ಸಮಿತಿಯ ಯಾವ ಕಪಾಟಿನಲ್ಲಿದೆಯೋ, ತಿಂಗಳಿಗೊಮ್ಮೆ ಗೌಡರು ಬಸ್ಸು ಹತ್ತಿ ವಿಚಾರಿಸಿ ಬರುತ್ತಾರೆ. “ಇನ್ನೂ ನೋಡ್ತಿದ್ರಂತೆ” ಎನ್ನುತ್ತಾರೆ. ದುಂಡಗಿನ ಅಕ್ಷರವಾದ್ದರಿಂದ ಓದಲು ತೊಂದರೆ ಆಗಲಿಕ್ಕಿಲ್ಲ.

ಈ ನಡುವೆ ಆಗಸ್ಟಿನಲ್ಲಿ ಸಂಘದ ಹುಡುಗರು ಮನೆಗೆ ಬಂದರು. ಶಿಕ್ಷಕರ ದಿನಾಚರಣೆಗೆ ಈ ಸಲ ನನಗೇ ಸನ್ಮಾನವಂತೆ. ಬೇಡ ಎಂದೆ, ಎಷ್ಟು ಸಲ ಬೇಡ ಎಂದರೆ ಮರ್ಯಾದೆಯೋ ಅಷ್ಟು ಸಲ.

“ಬಿನ್ನವತ್ತಳೆ ನೀವೇ ಬರ್ಕೊಡಬೇಕು ಮಾಸ್ತರೆ. ನಿಮ್ಮಷ್ಟು ಚೆಂದ ಯಾರೂ ಬರೆಯೂದಿಲ್ಲ.”

“ನನ್ನದನ್ನ ನಾನೇ?”

“ಮ್ಯಾಟರ್ ಮಾತ್ರ. ಸೇವೆ ಎಷ್ಟು ವರ್ಷ ಆಯ್ತು ನಿಮ್ದು?”

“ಮೂವತ್ತಾರು ವರ್ಷ, ನಾಲ್ಕು ತಿಂಗಳು.”

ಹುಡುಗ ಮೊಬೈಲಿನಲ್ಲಿ ಬರೆದುಕೊಂಡ. “ನಾಲ್ಕು ದಶಕ ಅಂತ ಹಾಕ್ಬಿಡುವ. ಓದುಕೆ ಚೆಂದ ಆಗ್ತದೆ.”

ಸಂಜೆ ಗೌಡರ ಜಗಲಿಗೆ ಹೋಗಿ, ಶಾಲು ನೀವೇ ಹೊದಿಸಬೇಕು ಎಂದು ಕರೆದೆ. ಯಾವತ್ತು ಎಂದು ಕೇಳಿದರು. ಸೆಪ್ಟೆಂಬರ್ ಐದು, ಸಂಜೆ ನಾಲ್ಕಕ್ಕೆ ಎಂದೆ.

“ನಾಲ್ಕಕ್ಕೆ ಶುರು ಹೌದು” ಎಂದರು ಗೌಡರು, “ಎಷ್ಟೊತ್ತಿಗೆ ಬಿಡ್ತರು?”